ಮನೆ ಮಾರಿದ ಬಳಿಕ ಬಾಡಿಗೆಯ ಕಾವಲು ಯಾರದು?

೧

ಮನೆಯೊಂದನ್ನು ಮಾರಿದಾಗ ಅದರ ಸಂಗಡ ಏನೇನು ಮಾರಿಹೋಗುತ್ತದೆಂಬ ಪ್ರಶ್ನೆಯು ಮೇಲುನೋಟಕ್ಕೆ ದಸ್ತಾವೇಜು ಬರೆಯುವವರಿಗೂ ವಕೀಲರಿಗೂ ಸಂಬಂಧಿಸಿದ್ದಾಗಿ ತೋರುವುದು. ಆದರೆ ಅದನ್ನು ಸ್ವಲ್ಪ ಕೆದಕಿ ನೋಡಿದರೆ, ‘ಮನೆ’ ಎಂಬ ಶಬ್ದಕ್ಕೆ ನಮ್ಮ ಜನರು ಕಾಲಾನುಕಾಲಕ್ಕೆ ಯಾವ ಅರ್ಥವನ್ನು ಕೊಟ್ಟುಕೊಂಡು ಬಂದಿದ್ದಾರೆಂಬ ಚರಿತ್ರೆಯ ಪ್ರಶ್ನೆಯೇ ಅದರೊಳಗೆ ಅಡಗಿರುವುದು ಕಂಡುಬರುತ್ತದೆ.

ಈ ಕಾಲದ ಒಂದು ಉದಾಹರಣೆಯಿಂದ ವಿಷಯವನ್ನು ಸ್ಪಷ್ಟಪಡಿಸಬಹುದು. ಗೃಹಸ್ಥನೊಬ್ಬನು ಕಳ್ಳರ ಭಯದಿಂದ ತನ್ನ ಮನೆಗೆ ಎಚ್ಚರಿಕೆಗಂಟೆಯನ್ನು ಹಾಕಿಸುತ್ತಾನೆ. ಬಾಗಿಲನ್ನು ಒತ್ತಿ ತೆರೆದೊಡನೆ ತಾನಾಗಿ ಕೂಗಿಕೊಳ್ಳುವ ವಿದ್ಯುದ್ಯಂತವದು. ಅದನ್ನು ಅವನು ಕ್ರಯಕ್ಕೆ ಕೊಂಡಿಲ್ಲ. ತಿಂಗಳಿಗಿಷ್ಟು ಎಂದು ಬಾಡಿಗೆ ಕೊಡುತ್ತಿದ್ದಾನೆ. ಗಂಟೆಯು ಗೋಡೆಗೆ ಮೊಳೆಯಿಂದ ಬಿಗಿಯಲ್ಪಟ್ಟಿದೆ, ತಂತಿಗಳು ಗಾರೆಯೊಳಗೆ ಹುದುಗಿವೆ. ಕೆಲವು ಕಾಲದ ಮೇಲೆ ಅವನು ಮನೆಯನ್ನು ಮಾರುತ್ತಾನೆ. ಕ್ರಯಪತ್ರದಲ್ಲಿ ಗಂಟೆಯ ಮಾತಿಲ್ಲ. ಕೊಂಡವನು, ಗೋಡೆಯ ಮೇಲಿದ್ದುದೆಲ್ಲವೂ ಗೋಡೆಯೊಡನೆ ತನ್ನದಾಯಿತೆನ್ನುತ್ತಾನೆ. ಬಾಡಿಗೆಗೆ ಕೊಟ್ಟವನು, ತನ್ನ ವಸ್ತುವನ್ನು ಮಾರಲು ಇನ್ನೊಬ್ಬನಿಗೆ ಅಧಿಕಾರವೆಲ್ಲಿಯದೆನ್ನುತ್ತಾನೆ. ಇವರಲ್ಲಿ ಯಾರ ಮಾತು ನ್ಯಾಯ?

ಇಂಥ ಗಂಟೆಗೆ ಅಮೇರಿಕದ ಬಾಸ್ಟನ್ ನಗರದ ನೆರೆಯಲ್ಲಿದ್ದ ಆಗಸ್ಟಸ್ ರಸೆಲ್ ಪೋಪ್ ಎಂಬವರು ೧೮೫೩ರಲ್ಲಿ ಪೇಟೆಂಟು ಪಡೆದರು. ಆ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸ್ ಎಂಬವರು ಅದನ್ನು ವ್ಯಾಪಾರವಾಗಿ ಬೆಳೆಸಿದರು. ಯಂತ್ರವು ಹೊಸದು, ಆದರೆ ಒಬ್ಬನ ನೆಲದಲ್ಲಿ ಇನ್ನೊಬ್ಬನ ವಸ್ತು ನೆಲೆಗೊಂಡಾಗ ಒಡೆತನವು ನೆಲವನ್ನು ಅನುಸರಿಸುವುದೋ ವಸ್ತುವನ್ನು ಅನುಸರಿಸುವುದೋ ಎಂಬ ತೊಡಕು ಹೊಸದಲ್ಲ. ಬಾದಾಮಿ, ಹುನಗುಂದ, ಇಳಕಲ್ಲು, ಬಾಗಲಕೋಟೆಗಳ ಸೀಮೆಯಲ್ಲಿ ಈ ತೊಡಕು ಶಾಸನಗಳ ಕಾಲದಿಂದ ನಮ್ಮ ಕಾಲದವರೆಗೆ ಹೇಗೆ ತಲೆಯೆತ್ತಿತು, ಅದಕ್ಕೆ ಯಾವ ಪರಿಹಾರ ದೊರೆಯಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಾಸನಗಳನ್ನು ನೋಡೋಣ. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನು ಕೊರೆಯಿಸಿದ, ಶಕ ವರ್ಷ ೫೦೦ರ, ಅರ್ಥಾತ್ ಕ್ರಿ. ಶ. ೫೭೮ರ ಸಂಸ್ಕೃತ ಶಾಸನವಿರುವುದು ವಿದಿತವೇ ಇದೆ. ಅಲ್ಲಿಯೇ ಅದೇ ದಾನಕ್ಕೆ ಸಂಬಂಧಿಸಿದ ಚಿಕ್ಕದೊಂದು ಕನ್ನಡ ಶಾಸನವೂ ಉಂಟು. ಲಂಜಿಗೇಸರವೆಂಬ ಗ್ರಾಮವನ್ನು ಮಂಗಲೇಶನು ‘ಕಲ್ಮನೆ’ಗೆ ಕೊಟ್ಟನೆಂದು ಅದು ತಿಳಿಸುತ್ತದೆ. ಭಾಷಾ ಚರಿತ್ರಕಾರರು ಈ ಶಬ್ದವನ್ನು ಹಳಗನ್ನಡದ ಅತಿ ಪ್ರಾಚೀನ ಪ್ರಯೋಗಗಳಲ್ಲಿ ಒಂದೆಂದು ಆದರಿಸುವರು. ವ್ಯವಹಾರದ ಚರಿತ್ರೆಗೂ ಅದು ಅಷ್ಟೇ ಬೆಲೆಯುಳ್ಳದ್ದು. ಇಲ್ಲಿ ದಾನವನ್ನು ಸ್ವೀಕರಿಸುವುದು ಕಲ್ಲಿನ ಮನೆ. ಅರ್ಚಕರು ಬದಲಾಗಬಹುದು, ಅರಸನ ವಂಶವೇ ಅಳಿಯಬಹುದು. ಮನೆಗೆ ಕೊಟ್ಟದ್ದು ಮನೆಯೊಡನೆ ಉಳಿಯಬೇಕೆಂಬುದೇ ಶಾಸನದ ಆಶಯ. ಹಾಗೆ ಉಳಿಯಬೇಕಾದದ್ದನ್ನು ಕಲ್ಲಿನ ಮೇಲೆ ಹೆಸರಿಟ್ಟು ಕೊರೆಯಿಸಬೇಕಾಯಿತೆಂಬುದೂ ಇಲ್ಲಿ ಗಮನಾರ್ಹವಾದುದು.

ಮುಂದಿನ ಕಾಲದ ದಾನಶಾಸನಗಳಲ್ಲಿ ಈ ಹೆಸರಿಸುವ ಪದ್ಧತಿಯು ನಿಯತವಾದ ರೂಪವನ್ನು ತಾಳಿತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಪಟ್ಟಿಯನ್ನು ಶಾಸನಾಭ್ಯಾಸಿಗಳು ಬಲ್ಲರು. ಭೂಮಿಯನ್ನು ಕೊಟ್ಟೆನೆಂದರೆ ಅದರ ನೀರು, ಕಲ್ಲು, ಇಂದಿನ ಫಲ, ನಾಳಿನ ಫಲ ಎಲ್ಲವನ್ನೂ ಕೊಟ್ಟಂತೆಯೇ ಎಂದು ಸುಮ್ಮನೆ ಬಿಡದೆ ಒಂದೊಂದನ್ನೂ ಎಣಿಸಿ ಹೇಳುವುದು ಅವರ ಪದ್ಧತಿ. ಇದೇ ರೀತಿಯಾಗಿ ಕನ್ನಡ ಶಾಸನಗಳಲ್ಲಿ ಕೆಯ್, ತೋಂಟ, ಮನೆ, ಗಾಣ ಇವುಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ ಕೊಡುವುದನ್ನು ಕಾಣುತ್ತೇವೆ. ಎಣ್ಣೆಯ ಗಾಣವೆಂಬುದು ಭಾರವಾದ ಕಲ್ಲಿನದು, ನೆಲದಲ್ಲಿ ಹೂತದ್ದು. ಅದಕ್ಕಿಂತ ಭದ್ರವಾಗಿ ನೆಲಕ್ಕೆ ಅಂಟಿಕೊಂಡ ಉಪಕರಣವನ್ನು ಆ ಕಾಲದಲ್ಲಿ ಊಹಿಸುವುದು ಕಷ್ಟ. ಆದರೂ ಅದನ್ನು ನೆಲದೊಳಗೆ ಅಡಗಿಸದೆ ಪ್ರತ್ಯೇಕವಾಗಿ ಹೇಳಿದ್ದಾರೆ. ನೆಲಕ್ಕೆ ಅಂಟಿಕೊಂಡ ಮಾತ್ರಕ್ಕೆ ವಸ್ತುವು ನೆಲದೊಡನೆ ಹೋಗುವುದೆಂದು ಅವರು ಭಾವಿಸಲಿಲ್ಲವೆಂದು ಇದರಿಂದ ಊಹಿಸಬಹುದೆಂದು ನಮಗೆ ತೋರುತ್ತದೆ.

ಅಷ್ಟಭೋಗಗಳಲ್ಲಿ ‘ನಿಕ್ಷೇಪ’ವೆಂಬ ಶಬ್ದವು ವಿಶೇಷ ವಿಚಾರಕ್ಕೆ ಅರ್ಹವಾಗಿದೆ. ಧರ್ಮಶಾಸ್ತ್ರದಲ್ಲಿ ನಿಕ್ಷೇಪವೆಂದರೆ ನಂಬಿಕೆಯಿಂದ ಇನ್ನೊಬ್ಬರ ಬಳಿ ಇಟ್ಟ ಇಡುಗಂಟು. ಅದನ್ನು ಇಟ್ಟವನಿಗೆ ಹಿಂದಿರುಗಿಸತಕ್ಕದ್ದೆಂಬ ನಿಯಮವು ವ್ಯವಹಾರಪದಗಳಲ್ಲಿ ಒಂದಾಗಿದೆ. ಶಾಸನದಲ್ಲಾದರೋ ನಿಕ್ಷೇಪವು ದಾನ ಪಡೆದವನಿಗೆ ಸೇರುತ್ತದೆ. ಈ ವಿರೋಧವನ್ನು ಹೀಗೆ ಪರಿಹರಿಸಬಹುದು: ಶಾಸನದ ನಿಕ್ಷೇಪವು ಒಡೆಯನಾರೆಂದು ತಿಳಿಯದೆ ನೆಲದಡಿಯಲ್ಲಿ ಉಳಿದ ದ್ರವ್ಯ, ಶಾಸ್ತ್ರದ ನಿಕ್ಷೇಪವು ಒಡೆಯನು ಬಂದು ಕೇಳಬಲ್ಲ ದ್ರವ್ಯ. ಕೇಳುವವನಿಲ್ಲದ್ದು ನೆಲವನ್ನು ಅನುಸರಿಸುತ್ತದೆ. ಕೇಳುವವನಿರುವುದು ಅವನನ್ನೇ ಅನುಸರಿಸುತ್ತದೆ. ಬಾಡಿಗೆಯ ಗಂಟೆಯ ವಿಷಯದಲ್ಲಿಯೂ ಈ ಭೇದವು ಮುಖ್ಯವಾದುದೆಂಬುದು ಮುಂದೆ ವ್ಯಕ್ತವಾಗುವುದು.

೩

ಇನ್ನು ಶಾಸ್ತ್ರವನ್ನು ನೋಡಬೇಕು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಬಾದಾಮಿ ಹುನಗುಂದಗಳ ಸೀಮೆಯೂ ಆ ರಾಜ್ಯದೊಳಗೇ ಇದ್ದುದರಿಂದ ಈ ಗ್ರಂಥವನ್ನು ಪರದೇಶದ ಪ್ರಮಾಣವೆಂದು ಎಣಿಸಬೇಕಾಗಿಲ್ಲ.

ಸ್ವಗ್ರಾಮ, ಜ್ಞಾತಿಗಳು, ನೆರೆಯವರು, ದಾಯಾದರು ಇವರ ಅನುಮತಿ ಮತ್ತು ಹಿರಣ್ಯ, ಉದಕಗಳ ದಾನ ಎಂಬ ಆರರಿಂದ ಭೂಮಿಯು ಕೈಬದಲಾಗುವುದೆಂಬ ಪ್ರಾಚೀನ ವಚನವನ್ನು ವಿಜ್ಞಾನೇಶ್ವರನು ಎತ್ತಿಕೊಂಡು ಒಂದೊಂದಕ್ಕೂ ಪ್ರಯೋಜನವನ್ನು ಹೇಳುತ್ತಾನೆ. ಗ್ರಾಮದ ಅನುಮತಿಯು ವ್ಯವಹಾರವು ಪ್ರಕಟವಾಗಲೆಂದು; ನೆರೆಯವರ ಅನುಮತಿಯು ಮೇರೆಯ ಜಗಳ ಹುಟ್ಟದಿರಲೆಂದು. ಊರಿನವರ ಎದುರಿಗೆ ಮಾರಾಟವಾದರೆ ‘ಇದು ನನ್ನದು’ ಎನ್ನುವವನು ಆಗಲೇ ಮುಂದೆ ಬರುವನು; ಕೊಳ್ಳುವವನೂ ಏನನ್ನು ಕೊಳ್ಳುತ್ತಿದ್ದೇನೆಂದು ಅರಿಯುವನು. ಇಂದು ನೋಂದಣಿಯ ಕಚೇರಿಯು ಮಾಡುವ ಕೆಲಸವನ್ನು ಅಂದು ಊರಿನ ಕಿವಿಗಳು ಮಾಡುತ್ತಿದ್ದವು.

ತನ್ನದಲ್ಲದ್ದನ್ನು ಮಾರುವುದಕ್ಕೆ ಶಾಸ್ತ್ರಕಾರರು ‘ಅಸ್ವಾಮಿವಿಕ್ರಯ’ವೆಂದು ಹೆಸರಿಟ್ಟು ಅದನ್ನು ಪ್ರತ್ಯೇಕ ವ್ಯವಹಾರಪದವಾಗಿಯೇ ಎಣಿಸಿದ್ದಾರೆ. ಯಾಜ್ಞವಲ್ಕ್ಯನ ಮತದಲ್ಲಿ, ಇನ್ನೊಬ್ಬನು ಮಾರಿದ ತನ್ನ ವಸ್ತುವನ್ನು ಒಡೆಯನು ಹಿಂದಕ್ಕೆ ಪಡೆಯಬಹುದು. ಗುಟ್ಟಾಗಿ, ಹೀನನಿಂದ, ತೀರ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನು ಕಳ್ಳನಿಗೆ ಸಮಾನ. ಆದರೆ ಕೊಂಡವನು ಮಾರಿದವನನ್ನು ತೋರಿಸಿಕೊಟ್ಟರೆ ದೋಷದಿಂದ ಬಿಡುಗಡೆ ಹೊಂದುತ್ತಾನೆ. ಆಗ ವಸ್ತುವು ಒಡೆಯನಿಗೆ, ದಂಡವು ಅರಸನಿಗೆ, ಕೊಟ್ಟ ಬೆಲೆಯು ಮಾರಿದವನಿಂದ ಕೊಂಡವನಿಗೆ ಸಲ್ಲುವುದು. ಮೂವರಿಗೂ ಸಲ್ಲಬೇಕಾದ್ದು ಸಂದು, ಭಾರವೆಲ್ಲವೂ ತಪ್ಪು ಮಾಡಿದವನ ತಲೆಯ ಮೇಲೆ ಬೀಳುವ ಈ ವ್ಯವಸ್ಥೆಯು ನ್ಯಾಯದೃಷ್ಟಿಯಿಂದ ಬಹಳ ಪೂರ್ಣವಾದುದು.

ನಾರದಸ್ಮೃತಿಯು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ ಬರುತ್ತದೆ. ಬಾಡಿಗೆ ಕೊಟ್ಟು ಪರರ ನೆಲದಲ್ಲಿ ಮನೆ ಕಟ್ಟಿಕೊಂಡು ಇದ್ದವನು ಬಿಟ್ಟುಹೋಗುವಾಗ ಹುಲ್ಲು, ಮರ, ಇಟ್ಟಿಗೆ ಮೊದಲಾದುವನ್ನು ಕಿತ್ತುಕೊಂಡು ಹೋಗಬಹುದೆಂದೂ, ಬಾಡಿಗೆ ಕೊಡದೆ ನೆಲದ ಒಡೆಯನ ಮನಸ್ಸಿಗೆ ವಿರೋಧವಾಗಿ ಇದ್ದವನಿಗೆ ಆ ಹಕ್ಕಿಲ್ಲವೆಂದೂ ಅಲ್ಲಿ ವಿಧಿಸಿದೆ. ಅದರ ಬೆನ್ನಿಗೇ, ಬಾಡಿಗೆಗೆ ತಂದ ವಸ್ತುವನ್ನು ಅವಧಿ ತೀರಿದ ಮೇಲೆ ಹಿಂದಕ್ಕೆ ಕೊಡತಕ್ಕದ್ದೆಂಬ ನಿಯಮವಿದೆ. ಮನೆಯೇ ಕಟ್ಟಿ ನಿಲ್ಲಿಸಿದ್ದರೂ ಅದರ ಇಟ್ಟಿಗೆ ಮರಗಳು ನೆಲದವನದಾಗುವುದಿಲ್ಲವೆಂದ ಮೇಲೆ ಗೋಡೆಗೆ ಬಿಗಿದ ಗಂಟೆಯ ಮಾತೇನು? ಸಂಬಂಧವು ನ್ಯಾಯವಾಗಿತ್ತೇ, ಬಾಡಿಗೆ ಸಲ್ಲುತ್ತಿತ್ತೇ ಎಂಬುದನ್ನು ನಾರದನು ಕೇಳುತ್ತಾನೆಯೇ ಹೊರತು ಮೊಳೆ ಎಷ್ಟು ಆಳಕ್ಕೆ ಇಳಿದಿತ್ತೆಂದು ಕೇಳುವುದಿಲ್ಲ.

ಇದಕ್ಕೆಲ್ಲ ತಳಹದಿಯಾಗಿ ವಿಜ್ಞಾನೇಶ್ವರನ ಒಂದು ಸಿದ್ಧಾಂತವನ್ನು ಸ್ಮರಿಸಬೇಕು. ಸ್ವತ್ವವೆಂಬುದು ಲೌಕಿಕವಾದುದು, ಶಾಸ್ತ್ರದಿಂದ ಮಾತ್ರ ತಿಳಿಯತಕ್ಕುದಲ್ಲ ಎಂದು ಅವನು ದಾಯವಿಭಾಗದ ಪೀಠಿಕೆಯಲ್ಲಿ ವಾದಿಸಿದ್ದಾನೆ. ಶಾಸ್ತ್ರವನ್ನೇ ಅರಿಯದ ಜನರಲ್ಲಿಯೂ ಕ್ರಯವಿಕ್ರಯಗಳು ನಡೆಯುತ್ತಿರುವುದು ಅವನ ಯುಕ್ತಿಗಳಲ್ಲೊಂದು. ಹಾಗಾದರೆ ಯಾವುದು ಯಾರದೆಂದು ತಿಳಿಯುವುದಕ್ಕೆ ಲೋಕದ ನಡೆಯನ್ನೇ ನೋಡಬೇಕು. ಆದ್ದರಿಂದ ಗ್ರಂಥವನ್ನು ಬಿಟ್ಟು ಊರಿನೊಳಕ್ಕೆ ಬರೋಣ.

೪

ಗಂಟೆಯು ಬರುವುದಕ್ಕೆ ಮುಂಚೆ ಊರನ್ನು ಕಾಯುತ್ತಿದ್ದವನು ತಳವಾರ. ಕಳವಾದರೆ ಜವಾಬ್ದಾರಿ ಯಾರದೆಂಬ ವಿಷಯದಲ್ಲಿ ಯಾಜ್ಞವಲ್ಕ್ಯನ ನಿಯಮವು ಕಠಿಣವಾದುದು: ಕಳ್ಳನ ಹೆಜ್ಜೆಯು ಊರಿನಿಂದ ಹೊರಗೆ ಹೋದದ್ದು ಕಾಣದಿದ್ದರೆ ಗ್ರಾಮಾಧಿಪತಿಯು ಹೊಣೆ, ಮೇರೆಯೊಳಗೆ ಕಳವಾಗಿದ್ದರೆ ಗ್ರಾಮವೇ ಹಾನಿಯನ್ನು ತುಂಬಿಕೊಡಬೇಕು, ಇಲ್ಲವೆ ಹೆಜ್ಜೆಯು ಹೊಕ್ಕ ಊರು ಕೊಡಬೇಕು. ಹೆಜ್ಜೆಯ ಜಾಡನ್ನು ಹಿಡಿಯುವುದು ಕಾವಲಿನವನ ವಿದ್ಯೆ. ಅವನಿಗೆ ಸುಗ್ಗಿಯಲ್ಲಿ ಆಯದ ಕಾಳು, ಕೆಲವೆಡೆ ಇನಾಮಿನ ಹೊಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಊರಿನಲ್ಲಿ ಯಾರೇ ಮನೆ ಮಾರಲಿ, ತಳವಾರನ ಕಾವಲನ್ನು ಮನೆಯೊಡನೆ ಮಾರಿದೆನೆಂದು ಹೇಳುವಂತಿರಲಿಲ್ಲ. ಕೊಂಡವನಿಗೂ ಕಾವಲು ದೊರೆಯುತ್ತಿತ್ತು. ಅದು ದೊರೆಯುತ್ತಿದ್ದುದು ಅವನು ಆಯ ಕೊಡುವ ಊರವನಾದುದರಿಂದ, ಮನೆಯನ್ನು ಕೊಂಡುದರಿಂದಲ್ಲ. ತಳವಾರಿಕೆಯ ವತನವೂ ಬೇಕಾದವರಿಗೆ ಮಾರುವ ಸ್ವತ್ತಾಗಿರಲಿಲ್ಲ. ಮುಂಬಯಿ ಸರಕಾರದ ೧೮೭೪ರ ವತನು ಕಾಯಿದೆಯು ಸರಕಾರದ ಮಂಜೂರಿಯಿಲ್ಲದೆ ವತನು ಪರರ ಕೈಸೇರದಂತೆ ಕಟ್ಟುಮಾಡಿತ್ತು. ಗ್ರಾಮದ ವಂಶಪಾರಂಪರ್ಯ ಹುದ್ದೆಗಳು ಈ ರಾಜ್ಯದಲ್ಲಿ ೧೯೬೧ರ ಕಾಯಿದೆಯಿಂದ ರದ್ದಾದವು.

ಬಾಡಿಗೆಯ ಎಚ್ಚರಿಕೆಗಂಟೆಯು ಈ ತಳವಾರನ ಸ್ಥಾನಕ್ಕೆ ಬಂದ ವಸ್ತು. ತಿಂಗಳ ಬಾಡಿಗೆಯು ಹಿಂದಿನ ಆಯದ ಹೊಸ ರೂಪ. ಮನೆಯವನು ಕೊಂಡದ್ದು ಕಾವಲನ್ನು. ಗಂಟೆಯು ಆ ಕಾವಲಿನ ಉಪಕರಣ, ತಳವಾರನ ಕೈಯ ದೊಣ್ಣೆಯಿದ್ದಂತೆ. ದೊಣ್ಣೆಯನ್ನು ಪಡಸಾಲೆಯ ಮೂಲೆಗೆ ಒರಗಿಸಿ ಇಟ್ಟಿದ್ದನೆಂದು ಅದು ಪಡಸಾಲೆಯ ಒಡೆಯನದಾಗುವುದಿಲ್ಲ.

ಬಾಗಿಲಿನ ಅಗುಳಿ, ಚಿಲಕ, ಕೀಲಿಗಳ ಸ್ಥಿತಿಯು ಬೇರೆ. ಅವು ಮನೆಯವನೇ ಮಾಡಿಸಿದವು. ಮನೆಯು ಇರುವವರೆಗೂ ಇರಲೆಂದು ಇಟ್ಟವು. ಅಗುಳಿಯಿಲ್ಲದ ಕದವು ಕದವಲ್ಲ. ಒಂದೇ ಬಾಗಿಲಿಗೆ ಸಂಬಂಧಿಸಿದ, ಒಂದೇ ಕಳ್ಳನನ್ನು ತಡೆಯುವ ಎರಡು ಸಾಧನಗಳಲ್ಲಿ ಒಂದು ಮನೆಯ ಅಂಗ, ಇನ್ನೊಂದು ಮನೆಗೆ ಬಂದ ಕೂಲಿ.

೫

ಈ ಸೀಮೆಯ ಮನೆಗಳಲ್ಲಿ ಒಂದೇ ಸೂರಿನಡಿಯಲ್ಲಿ ಹಲವರ ಸ್ವತ್ತು ಕೂಡಿರುವುದಕ್ಕೆ ಮೂರು ನಿದರ್ಶನಗಳನ್ನು ಕೊಡಬಹುದು.

ಮೊದಲನೆಯದು ಹುನಗುಂದ ತಾಲೂಕಿನ ಐಹೊಳೆಯದು. ಅಲ್ಲಿಯ ಪ್ರಾಚೀನ ದೇವಾಲಯವೊಂದಕ್ಕೆ ಲಾಡಖಾನನ ಗುಡಿಯೆಂಬ ಹೆಸರು ಬಂದುದು ಆ ಹೆಸರಿನವನೊಬ್ಬನು ಅದರಲ್ಲಿ ವಾಸವಾಗಿದ್ದುದರಿಂದ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳಲ್ಲಿಯೂ ದೇವರಾಗಲಿ ಕಟ್ಟಿಸಿದವನಾಗಲಿ ಇಲ್ಲ; ಇರುವುದು ಊರಿನ ಮನೆತನ, ಕಸುಬುಗಳ ಗುರುತು. ಇರುವವನು ಕಟ್ಟಡಕ್ಕೆ ಹೆಸರನ್ನು ಕೊಡಬಲ್ಲನು. ಆದರೆ ಹೆಸರು ನೆಲೆಸಿದ ಮಾತ್ರಕ್ಕೆ ಒಡೆತನವು ನೆಲೆಸಲಿಲ್ಲ. ಸಾವಿರ ವರ್ಷ ಮೀರಿದ ಆ ಕಲ್ಲುಕಟ್ಟಡಗಳು ಇಂದು ಸಂರಕ್ಷಿತ ಸ್ಮಾರಕಗಳಾಗಿವೆ. ಅನುಭೋಗವೇ ಒಡೆತನವಲ್ಲವೆಂಬ ಶಾಸ್ತ್ರದ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎರಡನೆಯದು ಹಗೇವು. ಜೋಳದ ಸೀಮೆಯಾದ ಇಲ್ಲಿ ನೆಲದಲ್ಲಿ ಆಳವಾಗಿ ತೋಡಿದ ಹಗೇವಿನಲ್ಲಿ ಕಾಳನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮುಚ್ಚುವುದು ಹಿಂದಿನ ರೂಢಿ. ಕುಣಿಯು ನೆಲದ ಭಾಗ. ಒಳಗಿನ ಜೋಳವು ತುಂಬಿದವನದು. ಮಾರುವ ಹೊತ್ತಿಗೆ ಹಗೇವಿನಲ್ಲಿ ಕಾಳಿದ್ದರೆ ಅದನ್ನು ತೆಗೆದುಕೊಳ್ಳುವುದಕ್ಕೆ ಕಾಳಿನವನಿಗೆ ಹಕ್ಕುಂಟೆಂದು ಯಾರಾದರೂ ಒಪ್ಪುವರು. ಕಾಳು ನೆಲದಡಿಯಲ್ಲಿ ಹೂತಿದ್ದರೂ ಅದು ನೆಲವಾಗಲಿಲ್ಲ.

ಮೂರನೆಯದು ಇಳಕಲ್ಲಿನ ಕುಣಿಮಗ್ಗ. ಸೀರೆಯ ಮೈಯ ಹಾಸಿಗೂ ಕೆಂಪು ರೇಷ್ಮೆಯ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವ ತೊಪೆತೆನೆಯ ಕೆಲಸವು ಈ ಊರಿಗೆ ಹೆಸರು ತಂದುದಾಗಿದೆ. ನೇಕಾರನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು, ಅಡಿಯ ಹಲಗೆಗಳನ್ನು ತುಳಿಯುತ್ತ ಲಾಳಿಯನ್ನು ಓಡಿಸುತ್ತಾನೆ. ಕುಣಿಯು ಮನೆಯ ನೆಲ; ಅದರ ಸುತ್ತ ಹೂತ ಗೂಟಗಳು ಮಗ್ಗವನ್ನು ನಿಲ್ಲಿಸಿವೆ. ನೇಕಾರನು ಬಾಡಿಗೆಯ ಮನೆಯಲ್ಲಿದ್ದು ಸಾವಕಾರನಿಂದ ನೂಲನ್ನು ತಂದು ಮಜೂರಿಗೆ ನೇಯುವವನಾದರೆ, ಒಂದೇ ಕೋಣೆಯಲ್ಲಿ ಮೂವರು ಒಡೆಯರಿರುತ್ತಾರೆ: ಕುಣಿಯು ಮನೆಯವನದು, ಮಗ್ಗವು ನೇಕಾರನದು, ಅದರ ಮೇಲಿನ ಹಾಸು ಸಾವಕಾರನದು. ಇವು ಮೂರೂ ಒಂದಕ್ಕೊಂದು ಬಿಗಿದುಕೊಂಡೇ ಇವೆ. ಕಣ್ಣಿಗೆ ಒಂದೇ ವಸ್ತುವೆಂದು ಕಾಣುವುದು ವ್ಯವಹಾರಕ್ಕೆ ಮೂರು. ಶಾಸನಗಳಲ್ಲಿ ಮನೆಯ ತೆರಿಗೆಯಿಂದ ಬೇರೆಯಾಗಿ ಮಗ್ಗದೆರೆಯು ಕಾಣಿಸಿಕೊಳ್ಳುವುದನ್ನೂ ಇಲ್ಲಿ ನೆನೆಯಬಹುದು.

ಮನೆಯವನು ಮನೆಯನ್ನು ಮಾರಿದರೆ ಮಗ್ಗವೇನಾಗಬೇಕು? ಅದು ನೆಲದೊಡನೆ ಹೋಗುವುದೆಂದರೆ ನೇಕಾರನು ಮನೆಯಿಂದಷ್ಟೇ ಅಲ್ಲ, ಅನ್ನದಿಂದಲೂ ಹೊರಬಿದ್ದಂತೆ. ವಸ್ತುವಿನ ಒಡೆತನದ ವಿಚಾರವು ಬರಿಯ ಕುತೂಹಲದ್ದಲ್ಲವೆಂಬುದು ಇಲ್ಲಿ ವ್ಯಕ್ತವಾಗುತ್ತದೆ. ಸಾಲಕ್ಕಾಗಿ ಜಪ್ತಿ ಮಾಡುವಾಗಲೂ ಕಸುಬಿನವರ ಉಪಕರಣಗಳನ್ನು ಮುಟ್ಟಕೂಡದೆಂದು ೧೯೦೮ರ ದಿವಾಣಿ ವ್ಯವಹಾರ ಸಂಹಿತೆಯ ೬೦ನೆಯ ಕಲಮು ವಿಧಿಸಿರುವುದು ಇದೇ ಕಾರಣದಿಂದ.

೬

ಅದೇ ಮಗ್ಗಕ್ಕೆ ಇಂಗ್ಲೆಂಡಿನ ನ್ಯಾಯವು ಬೇರೆ ಗತಿಯನ್ನು ಕಾಣಿಸಿತು. ನೆಲದಲ್ಲಿ ನೆಟ್ಟದ್ದು ನೆಲಕ್ಕೇ ಸೇರುವುದೆಂಬ ರೋಮನ್ ಸೂತ್ರವು ಅಲ್ಲಿ ಬಲವಾಗಿ ಬೇರೂರಿತ್ತು. ೧೮೭೨ರಲ್ಲಿ ನಿರ್ಣಯವಾದ ಹಾಲಂಡ್–ಹಾಜ್‌ಸನ್ ವ್ಯಾಜ್ಯದಲ್ಲಿ, ಯಾರ್ಕ್‌ಷಾಯರಿನ ಗಿರಣಿಯೊಂದರ ನೆಲಕ್ಕೆ ಮೊಳೆಗಳಿಂದ ಬಿಗಿದಿದ್ದ ಮಗ್ಗಗಳು ಗಿರಣಿಯೊಡನೆ, ಗಿರಣಿಯನ್ನು ಒತ್ತೆ ಹಿಡಿದವನಿಗೆ (ಈ ಸೀಮೆಯವರು ಗಹಾಣವೆನ್ನುವರು) ಸೇರಿದವೆಂದು ತೀರ್ಮಾನವಾಯಿತು. ಎಷ್ಟು ಭದ್ರವಾಗಿ ಅಂಟಿಕೊಂಡಿದೆ, ಯಾವ ಉದ್ದೇಶದಿಂದ ಅಂಟಿಸಿದೆ ಎಂಬ ಎರಡು ಪರೀಕ್ಷೆಗಳನ್ನು ನ್ಯಾಯಾಧೀಶ ಬ್ಲ್ಯಾಕ್‌ಬರ್ನರು ಹಾಕಿಕೊಟ್ಟರು. ಕಲ್ಲುಗಳನ್ನು ಗಾರೆಯಿಲ್ಲದೆ ಗೋಡೆಯಾಗಿ ಒಟ್ಟಿದರೆ ಅವು ನೆಲದ ಭಾಗ. ಅವೇ ಕಲ್ಲುಗಳನ್ನು ಕಟ್ಟಡ ಕಟ್ಟುವವನ ಹಿತ್ತಲಲ್ಲಿ ಅನುಕೂಲಕ್ಕಾಗಿ ಒಟ್ಟಿದರೆ ಬರಿಯ ಸಾಮಾನು ಎಂಬ ಅವರ ದೃಷ್ಟಾಂತವು ಪ್ರಸಿದ್ಧವಾಗಿದೆ.

ಬಾಡಿಗೆಯ ವಸ್ತುವಿನ ವಿಷಯದಲ್ಲಿ ೧೮೯೭ರ ಹಾಬ್‌ಸನ್–ಗಾರಿಂಜ್ ನಿರ್ಣಯವು ಇನ್ನೂ ಮುಂದೆ ಹೋಯಿತು. ಕಂತುಬಾಡಿಗೆಯ ಕರಾರಿನ ಮೇಲೆ ತಂದು ನೆಲಕ್ಕೆ ಬಿಗಿದ ಅನಿಲಯಂತ್ರವೊಂದು, ಹಣ ತೀರುವವರೆಗೂ ಕೊಟ್ಟವನದೇ ಎಂದು ಕರಾರಿನಲ್ಲಿದ್ದರೂ, ಆ ಕರಾರನ್ನು ಅರಿಯದೆ ಜಾಗವನ್ನು ಒತ್ತೆ ಹಿಡಿದವನಿಗೆ ಸಂದಿತು. ಈ ನಿರ್ಣಯದ ಪಕ್ಷದಲ್ಲಿ ಹೇಳತಕ್ಕ ಮಾತಿಲ್ಲವೆಂದಲ್ಲ. ಕಣ್ಣಿಗೆ ಕಂಡುದನ್ನು ನಂಬಿ ಹಣ ಕೊಟ್ಟವನು, ತನಗೆ ಕಾಣದ ಕರಾರಿನಿಂದ ಏಕೆ ನಷ್ಟಪಡಬೇಕು? ಆದರೆ ಅದೇ ನ್ಯಾಯದಿಂದ, ಕರಾರನ್ನು ಬರೆಯಿಸಿಕೊಂಡು ನಂಬಿಕೆಯಿಂದ ವಸ್ತುವನ್ನು ಕೊಟ್ಟವನು ಏಕೆ ನಷ್ಟಪಡಬೇಕೆಂದೂ ಕೇಳಬಹುದು. ಇಬ್ಬರು ನಿರಪರಾಧಿಗಳ ನಡುವೆ ಇಂಗ್ಲೆಂಡು ನೆಲವನ್ನು ಹಿಡಿದವನ ಕಡೆಗೆ ವಾಲಿತು; ನಮ್ಮ ಸ್ಮೃತಿಕಾರರು ವಸ್ತುವಿನ ಒಡೆಯನ ಕಡೆಗೆ ವಾಲಿ, ಕೊಂಡವನಿಗೆ ಮಾರಿದವನಿಂದ ಬೆಲೆಯನ್ನು ಕೊಡಿಸಿದರು.

ರೋಮನ್ ಸೂತ್ರವು ಭಾರತದಲ್ಲಿ ಸಲ್ಲುವುದೇ ಎಂಬ ಪ್ರಶ್ನೆಯು ೧೮೬೬ರಲ್ಲಿಯೇ ಕಲಕತ್ತೆಯ ಹೈಕೋರ್ಟಿನ ಪೂರ್ಣಪೀಠದ ಮುಂದೆ ಬಂದಿತ್ತು. ಕಟ್ಟಡವು ನೆಲಕ್ಕೆ ಅಂಟಿಕೊಂಡಿತೆಂಬ ಆಕಸ್ಮಿಕ ಸಂಗತಿಯಿಂದ ಮಾತ್ರ ಅದು ನೆಲದ ಒಡೆಯನ ಸ್ವತ್ತಾಗುವುದು ಈ ದೇಶದ ರೂಢಿಯಲ್ಲವೆಂದು ಮುಖ್ಯ ನ್ಯಾಯಾಧೀಶ ಸರ್ ಬಾರ್ನ್ಸ್ ಪೀಕಾಕರು ಅಭಿಪ್ರಾಯಪಟ್ಟರು. ಗಾಣವನ್ನು ಬೇರೆಯಾಗಿ ಎಣಿಸಿದ ಶಾಸನಗಳೂ, ಇಟ್ಟಿಗೆಯನ್ನು ಕಿತ್ತೊಯ್ಯಲು ಬಿಟ್ಟ ನಾರದನೂ ಈ ಮಾತಿಗೆ ಸಮ್ಮತಿಯನ್ನು ಕೊಡುವಂತಿದ್ದಾರೆ.

೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆಯು ಈ ಎರಡು ಧಾರೆಗಳನ್ನೂ ತನ್ನೊಳಗೆ ಕೂಡಿಸಿಕೊಂಡಿತು. ಮುಂಬಯಿ ಇಲಾಖೆಗೆ ಅದು ಅನ್ವಯಿಸಿದ್ದು ೧೮೯೩ರ ಜನವರಿ ೧ರಿಂದ. ಮೊದಲು ಕಲಾದಗಿಯೆಂದೂ ಆಮೇಲೆ ಬಿಜಾಪುರವೆಂದೂ ಕರೆಯಲ್ಪಟ್ಟ ಜಿಲ್ಲೆಯಲ್ಲಿದ್ದ ಬಾಗಲಕೋಟೆ, ಬಾದಾಮಿ, ಹುನಗುಂದಗಳಿಗೂ ಆಗಲೇ. ಅದರ ೮ನೆಯ ಕಲಮಿನ ಪ್ರಕಾರ, ಬೇರೆ ಉದ್ದೇಶವು ವ್ಯಕ್ತವಾಗದಿದ್ದಲ್ಲಿ, ವರ್ಗಾಯಿಸುವವನಿಗೆ ಇರುವ ಹಕ್ಕೆಲ್ಲವೂ ಪಡೆದವನಿಗೆ ಹೋಗುತ್ತದೆ. ಸ್ವತ್ತು ಮನೆಯಾದರೆ ಬೀಗ, ಬೀಗದ ಕೈ, ಅಗುಳಿ, ಬಾಗಿಲು, ಕಿಟಕಿ ಮತ್ತು ಅದರೊಡನೆ ಶಾಶ್ವತ ಉಪಯೋಗಕ್ಕೆಂದು ಒದಗಿಸಿದ ಇತರ ವಸ್ತುಗಳೂ ಹೋಗುತ್ತವೆ. ಮನೆಯ ಕಾವಲಿನ ಸಾಧನಗಳನ್ನೇ ಕಾಯಿದೆಯು ಹೆಸರಿಸಿರುವುದು ಸ್ವಾರಸ್ಯವಾಗಿದೆ. ೧೦೮ನೆಯ ಕಲಮು, ತಾನು ನೆಲಕ್ಕೆ ಅಂಟಿಸಿದ್ದನ್ನು ಸ್ವಾಧೀನದಲ್ಲಿರುವಷ್ಟರಲ್ಲಿ ತೆಗೆದುಕೊಂಡು ಹೋಗುವ ಹಕ್ಕನ್ನು ಬಾಡಿಗೆದಾರನಿಗೆ ಕೊಟ್ಟು, ಜಾಗವನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಡಬೇಕೆಂದು ವಿಧಿಸುತ್ತದೆ. ನಾರದನಿಗೂ ಈ ಕಲಮಿಗೂ ನಡುವೆ ಶತಮಾನಗಳು ಕಳೆದಿದ್ದರೂ ಇಬ್ಬರ ನ್ಯಾಯಬುದ್ಧಿಯು ಒಂದೇ ದಾರಿಯನ್ನು ಹಿಡಿದಿದೆ.

೭

ಈಗ ಗಂಟೆಯ ಪ್ರಶ್ನೆಗೆ ಉತ್ತರ ಹೇಳಬಹುದು. ೮ನೆಯ ಕಲಮಿನಲ್ಲಿ ಎರಡು ಬೇಲಿಗಳಿವೆ. ವರ್ಗಾಯಿಸುವವನಿಗೆ ಇರುವ ಹಕ್ಕು ಮಾತ್ರ ಹೋಗುವುದೆಂಬುದು ಮೊದಲನೆಯದು. ಬಾಡಿಗೆಗೆ ತಂದವನಿಗೆ ಗಂಟೆಯಲ್ಲಿ ಉಪಯೋಗದ ಹಕ್ಕಲ್ಲದೆ ಒಡೆತನವಿಲ್ಲ. ಇಲ್ಲದ್ದನ್ನು ಅವನು ಕೊಡಲಾರ. ಒಡೆಯನಲ್ಲದವನಿಂದ ಕೊಂಡವನಿಗೆ ಮಾರಿದವನಿಗಿಂತ ಹೆಚ್ಚಿನ ಹಕ್ಕು ಬಾರದೆಂದು, ಕೆಲವು ಅಪವಾದಗಳನ್ನು ಬಿಟ್ಟು, ೧೯೩೦ರ ಸರಕು ಮಾರಾಟ ಕಾಯಿದೆಯ ೨೭ನೆಯ ಕಲಮೂ ಹೇಳುತ್ತದೆ. ಶಾಶ್ವತ ಉಪಯೋಗಕ್ಕೆಂದು ಒದಗಿಸಿರಬೇಕೆಂಬುದು ಎರಡನೆಯ ಬೇಲಿ. ತಿಂಗಳ ಬಾಡಿಗೆ ನಿಂತೊಡನೆ ಹಿಂದಕ್ಕೆ ಹೋಗತಕ್ಕ ವಸ್ತುವು ಶಾಶ್ವತವಾದೀತು ಹೇಗೆ? ಆದ್ದರಿಂದ ಗಂಟೆಯು ಬಾಡಿಗೆಗೆ ಕೊಟ್ಟವನದೇ. ಕೊಂಡವನು ಅದನ್ನು ಇಟ್ಟುಕೊಳ್ಳಬೇಕೆಂದಿದ್ದರೆ ತಾನೇ ಹೊಸ ಕರಾರನ್ನು ಮಾಡಿಕೊಳ್ಳಬೇಕು. ಹಳೆಯವನ ಬಾಕಿಗೆ ಅವನು ತಾನಾಗಿ ಹೊಣೆಯಾಗುವುದಿಲ್ಲ. ಗಂಟೆಗೂ ಸೇರಿಸಿ ಬೆಲೆ ಕೊಟ್ಟಿದ್ದರೆ ಅದನ್ನು ಮಾರಿದವನಿಂದ ಕೇಳತಕ್ಕದ್ದು, ಯಾಜ್ಞವಲ್ಕ್ಯನು ಹೇಳಿದಂತೆಯೇ.

ಇಂಥ ವಸ್ತುವೊಂದು ವಿದ್ಯುತ್ತಿನ ಸಂಗಡ ನಮ್ಮ ಮನೆಗಳಿಗೆ ಬಂದುದೂ ಉಂಟು. ಬಾಡಿಗೆಯ ಮೀಟರಿಗೆ ಎಡೆಗೊಟ್ಟ ೧೯೧೦ರ ಭಾರತೀಯ ವಿದ್ಯುಚ್ಛಕ್ತಿ ಕಾಯಿದೆಯು, ಇನ್ನೊಬ್ಬರ ಜಾಗದಲ್ಲಿ ಇಟ್ಟ ಸರಬರಾಜುದಾರನ ತಂತಿ ಮೀಟರುಗಳನ್ನು ಆ ಜಾಗದವನ ಸಾಲಕ್ಕಾಗಿ ಜಪ್ತಿ ಮಾಡಕೂಡದೆಂದು ಸ್ಪಷ್ಟವಾಗಿ ಹೇಳಿತ್ತು. ೨೦೦೩ರ ಹೊಸ ಕಾಯಿದೆಯು ಅದರ ಸ್ಥಾನಕ್ಕೆ ಬಂದರೂ, ಸರಬರಾಜುದಾರನ ಮೀಟರು ಗೋಡೆಯ ಮೇಲಿದ್ದ ಮಾತ್ರಕ್ಕೆ ಗೋಡೆಯವನದಾಯಿತೆಂದು ಯಾರೂ ವಾದಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಜಗಳವಿಲ್ಲ. ಗಂಟೆಯ ವಿಷಯವು ಗೊತ್ತಾಗದಿರುವುದರಿಂದ ಜಗಳ ಹುಟ್ಟುತ್ತದೆ. ಗ್ರಾಮದ ಅನುಮತಿಯು ಪ್ರಕಟನೆಗಾಗಿ ಎಂದ ವಿಜ್ಞಾನೇಶ್ವರನ ಮಾತಿನ ಬೆಲೆಯು ಇಲ್ಲಿ ತಿಳಿಯುತ್ತದೆ.

ಒಂದು ಮನೆಯ ಮಾರಾಟದಲ್ಲಿ ಗಂಟೆಯೊಂದು ಹೋದರೆ ದೊಡ್ಡ ನಷ್ಟವಲ್ಲ. ಆದರೆ ಊರೇ ಕೈಬದಲಾದಾಗ? ಆಲಮಟ್ಟಿಯ ಅಣೆಕಟ್ಟಿಗೆ ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಜಲಾಶಯದ ನೀರು ೫೧೯.೬೦ ಮೀಟರಿನ ಮಟ್ಟಕ್ಕೆ ನಿಂತುದರಿಂದ ಹಳೆಯ ಬಾಗಲಕೋಟೆಯ ಬಹುಭಾಗವು ಅದಕ್ಕೆ ಎಡೆಗೊಟ್ಟು, ನವನಗರವು ಎದ್ದಿತು. ಆಗ ಜಾರಿಯಲ್ಲಿದ್ದ ೧೮೯೪ರ ಭೂಸ್ವಾಧೀನ ಕಾಯಿದೆಯ ಅರ್ಥವಿವರಣೆಯಲ್ಲಿ ‘ಭೂಮಿ’ಯೆಂದರೆ ನೆಲಕ್ಕೆ ಅಂಟಿದ ವಸ್ತುಗಳೂ, ಅಂಥವುಗಳಿಗೆ ಶಾಶ್ವತವಾಗಿ ಬಿಗಿದ ವಸ್ತುಗಳೂ ಸೇರಿದ್ದವು, ಪರಿಹಾರದಲ್ಲಿ ಹಕ್ಕು ಕೇಳುವವರೆಲ್ಲರೂ ‘ಆಸಕ್ತರು’ ಎನಿಸುತ್ತಿದ್ದರು. ಹೀಗಿರಲಾಗಿ ಕದ, ತೊಲೆ, ಕುಣಿಮಗ್ಗ, ಹಗೇವುಗಳಲ್ಲಿ ಯಾವುದು ಭೂಮಿ, ಯಾವುದು ಸಾಮಾನು, ಯಾವುದಕ್ಕೆ ಯಾರು ಬೆಲೆ ಕೇಳತಕ್ಕದ್ದೆಂಬ ಭೇದವು ಮನೆಮನೆಗೂ ಸಂಬಂಧಿಸಿದ ಮಾತಾಯಿತು. ಪತ್ರದಲ್ಲಿ ಹೆಸರಿದ್ದ ಒಡೆಯನಿಗೆ ಕೇಳುವುದು ಸುಲಭ. ಅವನ ಪಡಸಾಲೆಯಲ್ಲಿ ಮಗ್ಗ ಹೂಡಿಕೊಂಡವನಿಗೆ ಕೇಳಬಹುದೆಂಬುದೇ ತಿಳಿಯದಿರಬಹುದು. ಕೇಳುವವನಿಲ್ಲದ್ದು ನೆಲವನ್ನು ಅನುಸರಿಸುತ್ತದೆಂದು ಮೇಲೆ ನಿಕ್ಷೇಪದ ಪ್ರಸಂಗದಲ್ಲಿ ಹೇಳಿದೆವು. ಕೇಳಲು ಅರಿಯದವನ ಸ್ವತ್ತಿಗೂ ಅದೇ ಗತಿಯೊದಗಿದರೆ ಅದು ನ್ಯಾಯವಾಗಲಾರದು.

ಕಾಯಿದೆಯು ಎಷ್ಟೇ ಸ್ಪಷ್ಟವಾಗಿದ್ದರೂ ಅದು ಬಾಯಿಲ್ಲದವನ ಬಾಯಾಗಬೇಕಾದರೆ ದಸ್ತಾವೇಜು ಮಾತಾಡಬೇಕು. ಈ ವಿಷಯದಲ್ಲಿ ನಮ್ಮ ಪ್ರಾಚೀನರ ಪದ್ಧತಿಯು ಅನುಕರಣೀಯವಾಗಿದೆ. ಅವರು ನೀರನ್ನೂ ಕಲ್ಲನ್ನೂ ಗಾಣವನ್ನೂ ಒಂದೊಂದಾಗಿ ಎಣಿಸಿ ಬರೆದರು, ಬರೆದುದನ್ನು ಊರವರ ಎದುರಿಗೆ ನಿಲ್ಲಿಸಿದರು. ಇಂದಿನ ಕ್ರಯಪತ್ರಗಳಲ್ಲಿ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ತಪ್ಪದೆ ಬರೆಯುತ್ತೇವೆ. ಆ ಚಕ್ಕುಬಂದಿಯ ಒಳಗಿದ್ದು ಮಾರುವವನದಲ್ಲದ ವಸ್ತುಗಳನ್ನೂ ಹಾಗೆಯೇ ಹೆಸರಿಸಿ ಬರೆಯುವ ರೂಢಿಯು ಬೆಳೆದರೆ, ಮೂವರು ನಾಲ್ವರ ವ್ಯಾಜ್ಯಗಳು ಹುಟ್ಟುವುದಕ್ಕೆ ಮುಂಚೆಯೇ ಅಡಗುವುವು. ಮನೆಯ ಮೇರೆಯನ್ನು ಹೊರಗಿನಿಂದ ಗುರುತಿಸಿದರೆ ಸಾಲದು, ಒಳಗಿನಿಂದಲೂ ಗುರುತಿಸಬೇಕು.